ಬುಕ್ಕಿಗಳ ಪಟ್ಟಿಯಲ್ಲಿ ಗೆದ್ದ ಹಾಡು

2025ರ ಮೇ 17ರಂದು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಯೂರೋವಿಷನ್ ಗೀತಸ್ಪರ್ಧೆಯ ಫೈನಲ್ ನಡೆಯಿತು. ವಾರಗಟ್ಟಲೆ ಬೆಟ್ಟಿಂಗ್ ಪಟ್ಟಿಯ ಮೇಲ್ತುದಿಯಲ್ಲಿದ್ದದ್ದು ಸ್ವೀಡನ್, ಅದರ ಪರವಾಗಿ ಮೂವರು ಹಾಡಿದ ಸೌನಾದ ತಮಾಷೆ ಹಾಡು. ಗೆದ್ದದ್ದು ಮಾತ್ರ ಆಸ್ಟ್ರಿಯಾದ ಜೆಜೆ, 436 ಅಂಕಗಳೊಂದಿಗೆ. ಸ್ವೀಡನ್ 321 ಅಂಕ ಪಡೆದು ನಾಲ್ಕನೆಯದಾಯಿತು. ಹಾಗಾದರೆ ಬುಕ್ಕಿಗಳ ಲೆಕ್ಕ ತಪ್ಪಿತೇ?

ಅಷ್ಟು ಬೇಗ ತೀರ್ಪು ಕೊಡಲಾಗದು. ಒಂದು ದೇಶದ ದರ 2.50 ಇದ್ದರೆ, ನೂರು ಕಟ್ಟಿದವನಿಗೆ ಗೆದ್ದಾಗ ಅಸಲೂ ಸೇರಿ 250 ಸಿಗುತ್ತದೆ. ಒಂದನ್ನು 2.50ರಿಂದ ಭಾಗಿಸಿದರೆ 0.40, ಅಂದರೆ ಶೇ. 40ರ ಗೆಲುವಿನ ಸಾಧ್ಯತೆ. ಹೀಗೆ ಎಲ್ಲ ದೇಶಗಳ ಶೇಕಡಾವಾರನ್ನು ಕೂಡಿ ನೋಡಿ, ಮೊತ್ತ ನೂರನ್ನು ದಾಟುತ್ತದೆ! ಆ ಹೆಚ್ಚುವರಿಯೇ ಬುಕ್ಕಿಯ ಕಮಿಷನ್. ಅದನ್ನು ಕಳೆಯದೆ 'ಗೆಲ್ಲುವ ಸಾಧ್ಯತೆ ಇಷ್ಟು' ಎಂದು ಸುದ್ದಿ ಮಾಡುವುದು ಸರಿಯಲ್ಲ. ಕಳೆದ ಮೇಲೂ, ಶೇ. 40 ಎಂದರೆ ಹತ್ತರಲ್ಲಿ ಆರು ಸಲ ಸೋಲು ಎಂದೇ ಅರ್ಥ. 2019, 2021, 2022, 2023ರಲ್ಲಿ ಪಟ್ಟಿಯ ಮೊದಲಿಗರೇ ಗೆದ್ದಿದ್ದರಿಂದ (2020ರಲ್ಲಿ ಸ್ಪರ್ಧೆ ನಡೆಯಲಿಲ್ಲ) ಜನ ಆ ಆರನ್ನು ಮರೆತಿದ್ದರು. 2024ರಲ್ಲಿ ಪಟ್ಟಿಯ ಮೊದಲಿಗನಾಗಿದ್ದ ಕ್ರೊಯೇಷಿಯಾ ಸೋತು ಅದನ್ನು ನೆನಪಿಸಿತ್ತು.

ಬಾಜಿಯ ದರವೂ ಒಂದು ಬಗೆಯಲ್ಲಿ ಗುಂಪಿನ ಅಂದಾಜೇ. ಅಂಥ ಅಂದಾಜು ನಿಖರವಾಗಬಲ್ಲದು ಎಂದು ತೋರಿಸಿದವನು ಬ್ರಿಟಿಷ್ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್. 1906ರಲ್ಲಿ ಪ್ಲಿಮತ್‌ನ ಜಾತ್ರೆಯೊಂದರಲ್ಲಿ ಎತ್ತಿನ ಮಾಂಸದ ತೂಕ ಊಹಿಸುವ ಪಂದ್ಯವಿತ್ತು. ಅಲ್ಲಿನ 787 ಚೀಟಿಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಟ್ಟನಡುವೆ ಬಂದ ಊಹೆ 1,207 ಪೌಂಡ್, ನಿಜವಾದ ತೂಕ 1,198. ಆದರೆ ಅಲ್ಲಿ ಚೀಟಿ ಬರೆದವನಿಗೆ ಪಕ್ಕದವನ ಚೀಟಿ ಕಾಣುತ್ತಿರಲಿಲ್ಲ. ಯೂರೋವಿಷನ್ ಬಾಜಿಯಲ್ಲಿ ದರ ಎಲ್ಲರ ಕಣ್ಣೆದುರೇ ಇರುತ್ತದೆ. ಮುಂದಿರುವ ಹಾಡಿನ ಮೇಲೇ ಇನ್ನಷ್ಟು ಹಣ ಬೀಳುತ್ತದೆ.

ಇನ್ನೊಂದು ತೊಡಕು ಸ್ಪರ್ಧೆಯ ನಿಯಮದಲ್ಲಿದೆ. ಅರ್ಧ ಅಂಕ ತಜ್ಞರ ಜ್ಯೂರಿಯದು, ಅರ್ಧ ವೀಕ್ಷಕರದು. ಬಾಸೆಲ್‌ನಲ್ಲಿ ವೀಕ್ಷಕರು ಸ್ವೀಡನ್‌ಗೆ 195, ಆಸ್ಟ್ರಿಯಾಕ್ಕೆ 178 ಅಂಕ ಕೊಟ್ಟಿದ್ದರು. ಜ್ಯೂರಿ ಕೊಟ್ಟದ್ದು ಕ್ರಮವಾಗಿ 126 ಮತ್ತು 258. ಸಂಭ್ರಮಿಸುವ ಅಭಿಮಾನಿಗಳ ಸದ್ದು ದರಕ್ಕೆ ಬೇಗ ತಟ್ಟುತ್ತದೆ, ಜ್ಯೂರಿಯ ಮನಸ್ಸು ಅಷ್ಟಾಗಿ ಹೊರಗೆ ಕಾಣುವುದಿಲ್ಲ.

2016ರ ಸ್ಟಾಕ್‌ಹೋಮ್ ಫೈನಲ್ ಇನ್ನೂ ವಿಚಿತ್ರ. ಬುಕ್ಕಿಗಳ ಮೆಚ್ಚಿನ ರಷ್ಯಾ ವೀಕ್ಷಕರ ಮತದಲ್ಲಿ ಮೊದಲು, ಆಸ್ಟ್ರೇಲಿಯಾ ಜ್ಯೂರಿಯಲ್ಲಿ ಮೊದಲು. ಎರಡರಲ್ಲೂ ಎರಡನೆಯದಾಗಿದ್ದ ಉಕ್ರೇನ್‌ನ ಜಮಾಲಾ 534 ಅಂಕಗಳೊಂದಿಗೆ ಪ್ರಶಸ್ತಿ ಒಯ್ದರು.