ಮುಟ್ಟು ನಿಲ್ಲುವ ಮೊದಲೇ ಮೈ ಕೊಡುವ ಸುಳಿವು
ಎದೆ ಬಿಗಿತ, ನೋವು: ನಾಚಿಕೆ ಬಿಟ್ಟು ತಿಳಿಯಬೇಕಾದ ಸಂಗತಿ

ರೊದ್ದಂ: ಈ ಗಡಿ ಸೀಮೆಯಲ್ಲಿ ಒಂದೇ ಸಿಹಿಸುದ್ದಿಯನ್ನು ಮೂರು ಭಾಷೆಯಲ್ಲಿ ಹೇಳುತ್ತಾರೆ. ತೆಲುಗರ ಮನೆಯಲ್ಲಿ ‘ನೆಲ ತಪ್ಪಿಂದಿ’, ಕನ್ನಡದವರಲ್ಲಿ ‘ಮುಟ್ಟು ನಿಂತಿದೆ’, ಮರಾಠಿ ಮಾತಾಡುವ ಮನೆಗಳಲ್ಲಿ ‘ದಿವಸ್ ಗೇಲೇ’. ಮೂರೂ ದಿನ ಲೆಕ್ಕ ಹಾಕಿ ಹೇಳುವ ಮಾತುಗಳೇ. ಆದರೆ ಎಷ್ಟೋ ಹೆಣ್ಣುಮಕ್ಕಳಿಗೆ ಲೆಕ್ಕ ತಪ್ಪುವ ಮೊದಲೇ ಮೈ ಸುಳಿವು ಕೊಟ್ಟಿರುತ್ತದೆ. ಎದೆ ಭಾರ, ಬಿಗಿತ, ರವಿಕೆ ತಾಗಿದರೂ ನೋವು. ಇದನ್ನು ಬಾಯಿಬಿಟ್ಟು ಹೇಳಿಕೊಳ್ಳುವವರು ಮಾತ್ರ ಕಡಿಮೆ.

ಈ ಬರಹಗಾರನ ಮನೆಯಲ್ಲೂ ಹಾಗೇ ಆಯಿತು. ಮದುವೆಯಾದ ಹೊಸತರಲ್ಲಿ ಹೆಂಡತಿ ‘ಮೈ ಕೈ ನೋವು’ ಅಂದಳು. ಯಾವ ನೋವು ಅಂತ ನಾನೂ ಕೇಳಲಿಲ್ಲ, ಆಕೆಯೂ ಹೇಳಲಿಲ್ಲ. ಅಂಗಡಿಯಿಂದ ನೋವಿನ ಮಾತ್ರೆ ತಂದುಕೊಟ್ಟೆ. ಮೂರು ವಾರದ ನಂತರ ಆಕೆ ಗರ್ಭಿಣಿ ಅಂತ ತಿಳಿಯಿತು. ದೇವರ ದಯೆ, ತೊಂದರೆ ಆಗಲಿಲ್ಲ. ಆದರೆ ಹೆರಿಗೆ ಆಗೋವರೆಗೂ ಇಬ್ಬರಿಗೂ ಒಳಗೊಳಗೇ ಹೆದರಿಕೆ.

ಹೀಗೇಕೆ ಆಗುತ್ತದೆ?

ತಿಂಗಳ ನಡುವೆ ಅಂಡಾಶಯದಿಂದ ಅಂಡ ಬಿಡುಗಡೆಯಾದ ಮೇಲೆ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಏರುತ್ತದೆ. ಗರ್ಭ ನಿಲ್ಲದಿದ್ದರೆ ಅದು ಇಳಿದು ಮುಟ್ಟು ಬರುತ್ತದೆ, ಎದೆ ನೋವೂ ತಗ್ಗುತ್ತದೆ. ಗರ್ಭ ನಿಂತರೆ ಲೆಕ್ಕ ಬೇರೆ. ಅಂಡ ಬಿಡುಗಡೆಯಾದ ಸುಮಾರು 6ರಿಂದ 10 ದಿನದಲ್ಲಿ ಭ್ರೂಣ ಗರ್ಭಕೋಶದ ಗೋಡೆಗೆ ಅಂಟಿಕೊಂಡು, ಎಚ್‌ಸಿಜಿ ಎಂಬ ಹಾರ್ಮೋನು ರಕ್ತಕ್ಕೆ ಸೇರುತ್ತದೆ. ಮೊದಲ ವಾರಗಳಲ್ಲಿ ಇದು ಎರಡು ಮೂರು ದಿನಕ್ಕೊಮ್ಮೆ ದುಪ್ಪಟ್ಟಾಗುತ್ತದೆ. ಇದರ ಬಲದಿಂದ ಪ್ರೊಜೆಸ್ಟರಾನ್, ಈಸ್ಟ್ರೋಜನ್ ಎರಡೂ ಇಳಿಯದೆ ಏರುತ್ತವೆ. ಸ್ತನಕ್ಕೆ ರಕ್ತ ಸಂಚಾರ ಹೆಚ್ಚುತ್ತದೆ, ಹಾಲಿನ ನಾಳಗಳು ಬೆಳೆಯಲು ಶುರುವಾಗುತ್ತವೆ. ಬಿಗಿತ, ನೋವು ಬರೋದು ಇದರಿಂದಲೇ.

ಮುಂದೆ ತೊಟ್ಟಿನ ಸುತ್ತ ಬಣ್ಣ ಕಪ್ಪಾಗುವುದು, ಸಣ್ಣ ಗುಳ್ಳೆಗಳಂತೆ ಕಾಣುವುದು, ನೀಲಿ ನರ ಎದ್ದು ತೋರುವುದೂ ಉಂಟು. ಜೊತೆಗೆ ಸುಸ್ತು, ವಾಕರಿಕೆ, ಪದೇ ಪದೇ ಮೂತ್ರ, ಒಗ್ಗರಣೆ ವಾಸನೆಗೇ ಹೊಟ್ಟೆ ತೊಳೆಸುವುದು. ಮೂರು ತಿಂಗಳು ಕಳೆದ ಮೇಲೆ ಹೆಚ್ಚಿನವರಿಗೆ ಎದೆ ನೋವು ತಾನಾಗಿ ಕಡಿಮೆಯಾಗುತ್ತದೆ. ಅಲ್ಲಿಯವರೆಗೆ ಸಡಿಲವಾದ, ಆದರೆ ಆಸರೆ ಕೊಡುವ ಒಳಉಡುಪು ಹಾಕಿಕೊಂಡರೆ ಆರಾಮ.

ಎದೆ ನೋವೊಂದೇ ಸಾಕ್ಷಿಯಲ್ಲ

ಮುಟ್ಟು ಬರುವ ಮುಂಚೆಯೂ ಇದೇ ತರಹ ನೋವಿರುತ್ತದೆ. ಗರ್ಭನಿರೋಧಕ ಹಾರ್ಮೋನು ಮಾತ್ರೆ ತಗೊಳ್ಳುವವರಿಗೂ ಬರಬಹುದು. ಬರೀ ನೋವು ನೋಡಿ ಬಸುರಿ ಅಂತ ಸಿಹಿ ಹಂಚುವುದೂ ತಪ್ಪು, ಬಂದಿಲ್ಲ ಅಂತ ಸೊಸೆಯನ್ನು ಮೂದಲಿಸುವುದೂ ತಪ್ಪು. ಕೆಲವರಿಗೆ ಯಾವ ಸುಳಿವೂ ಇರುವುದಿಲ್ಲ.

ಖಾತ್ರಿ ಮಾಡಿಕೊಳ್ಳಲು ಮೂತ್ರ ಪರೀಕ್ಷೆ ಇದೆ. 1928ರಲ್ಲಿ ಬರ್ಲಿನ್‌ನ ಆಶ್‌ಹೈಮ್ ಮತ್ತು ಝೊಂಡೆಕ್ ಎಂಬ ವೈದ್ಯರು ಪ್ರಕಟಿಸಿದ ವಿಧಾನದಲ್ಲಿ ಹೆಂಗಸಿನ ಮೂತ್ರವನ್ನು ಇಲಿಗಳಿಗೆ ಚುಚ್ಚಿ ದಿನಗಟ್ಟಲೆ ಕಾಯಬೇಕಿತ್ತು. ಈಗ ಐದು ನಿಮಿಷದ ಕೆಲಸ. ಆಶಾ ಕಾರ್ಯಕರ್ತೆಯರ ಮೂಲಕ ‘ನಿಶ್ಚಯ್’ ಕಿಟ್ ಕೊಡುವ ವ್ಯವಸ್ಥೆಯೂ ಸರ್ಕಾರದ್ದಿದೆ. ಮುಟ್ಟಿನ ದಿನ ದಾಟಿದ ಮೇಲೆ ಬೆಳಗಿನ ಮೊದಲ ಮೂತ್ರದಲ್ಲಿ ನೋಡುವುದು ಒಳ್ಳೆಯದು. ಒಂದೇ ಗೆರೆ ಬಂದು, ಮುಟ್ಟೂ ಬಾರದಿದ್ದರೆ ವಾರ ಬಿಟ್ಟು ಮತ್ತೆ ನೋಡಬೇಕು.

ಬೇಗ ತಿಳಿದರೆ ಏನು ಲಾಭ?

ಮಗುವಿನ ಮಿದುಳು, ಬೆನ್ನುಹುರಿ ಆಗುವ ನಾಳ ಗರ್ಭ ಕಟ್ಟಿದ 28 ದಿನದೊಳಗೇ ಮುಚ್ಚಿಕೊಳ್ಳುತ್ತದೆ. ಆಗ ಎಷ್ಟೋ ತಾಯಂದಿರಿಗೆ ತಾವು ಗರ್ಭಿಣಿ ಎಂಬುದೇ ತಿಳಿದಿರುವುದಿಲ್ಲ. ಅದು ಸರಿಯಾಗಿ ಮುಚ್ಚಿಕೊಳ್ಳಲು ಫೋಲಿಕ್ ಆಮ್ಲ ಬೇಕು. ಮಗು ಬೇಕೆನ್ನುವವರು ಮುಂಚಿನಿಂದಲೇ ದಿನಕ್ಕೆ 400 ಮೈಕ್ರೊಗ್ರಾಂ ತೆಗೆದುಕೊಳ್ಳಬೇಕು ಎನ್ನುವುದು ಇದಕ್ಕೇ. ಅನುಮಾನ ಇದ್ದಾಗ ಸ್ವಂತ ಬುದ್ಧಿಯಿಂದ ನೋವಿನ ಮಾತ್ರೆ ನುಂಗಬಾರದು. ಎಕ್ಸ್‌ರೇಗೆ ಹೋದರೆ ‘ದಿನ ಮುಂದೆ ಹೋಗಿದೆ’ ಅಂತ ಮೊದಲೇ ಹೇಳಬೇಕು.

ಮೊದಲ 12 ವಾರದೊಳಗೆ ಹೆಸರು ನೋಂದಾಯಿಸಿದರೆ ರಕ್ತಹೀನತೆ, ಬಿಪಿ, ಸಕ್ಕರೆ ಎಲ್ಲ ಬೇಗ ಗೊತ್ತಾಗುತ್ತವೆ. ಹೊಲದ ಕೆಲಸಕ್ಕೆ ಹೋಗುವ ಹೆಂಗಸರು ಕಡಲೆಕಾಯಿ ಕೀಳುವ ಕಾಲದಲ್ಲಿ ಒಂದು ದಿನದ ಕೂಲಿ ಬಿಡಲಾರದೆ ಆಸ್ಪತ್ರೆ ಮುಂದೂಡುವುದುಂಟು. ಅಂಥವರಿಗೆ ಅನುಕೂಲವಾಗಲೆಂದೇ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ಉಚಿತ ತಪಾಸಣೆ ಮಾಡುವ ಕಾರ್ಯಕ್ರಮ 2016ರಿಂದ ಇದೆ.

ಗಡಿಯಲ್ಲಿ ಇನ್ನೊಂದು ಮಾತು. ರೊದ್ದಂ 2022ರ ಏಪ್ರಿಲ್‌ನಿಂದ ಅನಂತಪುರ ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಹೆಣ್ಣು ಕೊಡುವುದು, ತರುವುದು ಮಾತ್ರ ಪಾವಗಡ ಕಡೆಗೂ ಇದ್ದೇ ಇದೆ. ಚೊಚ್ಚಲ ಬಾಣಂತನ ತವರಲ್ಲಿ. ಗಡಿ ದಾಟುವಾಗ ಸೀರೆ, ಕುಬುಸದ ಜೊತೆ ತಾಯಿ ಕಾರ್ಡನ್ನೂ ಮರೆಯದೆ ಒಯ್ಯಬೇಕು. ಅಲ್ಲಿನ ವೈದ್ಯರಿಗೆ ಹಿಂದಿನ ತಪಾಸಣೆ ತಿಳಿಯೋದು ಅದರಿಂದಲೇ.

ತಡ ಮಾಡಬೇಡಿ

ಮುಟ್ಟು ತಪ್ಪಿದ ಮೇಲೆ ಕಿಬ್ಬೊಟ್ಟೆಯ ಒಂದು ಪಕ್ಕ ಜೋರು ನೋವು, ರಕ್ತಸ್ರಾವ, ತಲೆಸುತ್ತು ಬಂದರೆ ಗರ್ಭ ನಾಳದಲ್ಲಿ ನಿಂತಿರಬಹುದು. ಅದು ಜೀವಕ್ಕೇ ಅಪಾಯ, ಕೂಡಲೇ 108ಕ್ಕೆ ಫೋನ್ ಮಾಡಿ. ಸ್ತನದಲ್ಲಿ ಕರಗದ ಗಂಟು, ಚರ್ಮ ಒಳಕ್ಕೆ ಎಳೆದಂತಾಗುವುದು, ತೊಟ್ಟಿನಿಂದ ರಕ್ತ, ಜ್ವರದ ಜೊತೆ ಕೆಂಪು ಊತ ಇದ್ದರೆ ‘ಬಸುರಿಯ ಲಕ್ಷಣ’ ಅಂತ ಕೂರದೆ ವೈದ್ಯರಿಗೆ ತೋರಿಸಬೇಕು.

ಮುಟ್ಟಾದ ಮೊದಲ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅದಕ್ಕೆ 9 ತಿಂಗಳು 7 ದಿನ ಕೂಡಿಸಿದರೆ ಹೆರಿಗೆಯ ಅಂದಾಜು ದಿನ ಸಿಗುತ್ತದೆ. ಹಾಲಿನವನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲಿ ಇದಕ್ಕೂ ಒಂದಿಷ್ಟು ಜಾಗ ಇರಲಿ. ಹೆಂಡತಿ ‘ಮೈ ಕೈ ನೋವು’ ಅಂದಾಗ ಅಂಗಡಿಗೆ ಓಡುವ ಮೊದಲು, ಯಾವ ನೋವು ಅಂತ ಗಂಡಸರೂ ಒಮ್ಮೆ ಕೇಳಲಿ.