ಸಹಿ ಒಬ್ಬರದು, ಪೈಪ್ ಇನ್ನೊಬ್ಬರದು

ಕಳೆದ ತಿಂಗಳು ನಮ್ಮನೆ ಸಂಪಿನ ನೀರು ವಾಸನೆ ಹೊಡೆಯೋಕೆ ಶುರುವಾಯ್ತು. ನಾನು ಇಂಜಿನಿಯರಿಂಗ್ ಓದಿದವನು, ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಒಳ್ಳೆ ಮಾರ್ಕ್ಸೇ ಬಂದಿತ್ತು. ಆದ್ರೂ ಕಾರಣ ಹೊಳೆಯಲಿಲ್ಲ. ಬಂದ ಪ್ಲಂಬರ್ ಹತ್ತೇ ನಿಮಿಷದಲ್ಲಿ ಹೇಳಿದ್ರು: "ಸಂಪಿಗೆ ಅಂಟಿಕೊಂಡಂಗೆ ಚೇಂಬರ್ ಕಟ್ಟಿದಾರೆ ಸರ್. ಅದು ಬಿರುಕು ಬಿಟ್ಟು ಕೊಳಚೆ ಒಳಗೆ ಇಳೀತಿದೆ."

"ನಿಮ್ಮ ಹತ್ರ ಲೈಸೆನ್ಸ್ ಇದೆಯಾ?" ಅಂದೆ. ಇಪ್ಪತ್ತು ವರ್ಷದಿಂದ ಈ ಕೆಲಸ ಮಾಡ್ತಿರೋ ಮನುಷ್ಯ ನಕ್ಕುಬಿಟ್ಟರು. "ಅದೆಲ್ಲ ಓದಿದವರಿಗೆ ಸರ್."

ಹಳೇ ಫೈಲ್ ತೆಗೆದು ನೋಡಿದೆ. ನೀರಿನ ಸಂಪರ್ಕದ ಅರ್ಜಿಯಲ್ಲಿ ಲೈಸೆನ್ಸ್ ಇರುವ ಪ್ಲಂಬರ್ ಒಬ್ಬರ ಸಹಿ ಇದೆ. ಪೈಪ್ ಕೂರಿಸಿದ್ದು ಮಾತ್ರ ಮೇಸ್ತ್ರಿ ಕರೆತಂದಿದ್ದ ಹುಡುಗ!

ಹಾಗಾದ್ರೆ ಪ್ಲಂಬರ್‌ಗೆ ಬೇಕಾದ ಕಾಗದ ಯಾವುದು? ಇಲ್ಲೇ ಗೊಂದಲ. ಒಂದಲ್ಲ, ನಾಲ್ಕಿವೆ.

ಮೊದಲನೆಯದು ಐಟಿಐ. ಪ್ಲಂಬರ್ ಟ್ರೇಡ್ ಒಂದು ವರ್ಷದ ಕೋರ್ಸು. ಎರಡನೆಯದು ಆರ್‌ಪಿಎಲ್. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಇದೂ ಒಂದು ಭಾಗ. ಶಾಲೆಯಲ್ಲಲ್ಲ, ಕೆಲಸದಲ್ಲೇ ಕಲಿತವರನ್ನು ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುವ ದಾರಿ. ಮೂರನೆಯದು ಕಾರ್ಮಿಕ ಕಾರ್ಡ್. ವಯಸ್ಸು 18ರಿಂದ 60ರೊಳಗಿದ್ದು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರಬೇಕು. ಇದು ಸರ್ಕಾರದ ಸೌಲಭ್ಯ ಪಡೆಯೋಕೆ. ಕೆಲಸ ಬರುತ್ತೆ ಅನ್ನೋದಕ್ಕೆ ಸಾಕ್ಷಿಯಲ್ಲ. ನಾಲ್ಕನೆಯದೇ ಲೈಸೆನ್ಸು. ಬೆಂಗಳೂರಿನಲ್ಲಿ ಅದನ್ನು ಕೊಡೋದು ಜಲಮಂಡಳಿ. ಹೊಸ ನೀರಿನ ಸಂಪರ್ಕ, ಒಳಚರಂಡಿ ಜೋಡಣೆ ಇಂಥವರ ಮೂಲಕವೇ ಆಗಬೇಕು. ಮನೆಯೊಳಗೆ ನಲ್ಲಿ ರಿಪೇರಿ ಮಾಡೋರನ್ನ ಮಾತ್ರ ಯಾರೂ ಲೈಸೆನ್ಸ್ ಕೇಳಲ್ಲ.

ಒಂದು ಪೈಪಿಗೆ ಇಷ್ಟೆಲ್ಲ ಬೇಕಾ ಅಂತೀರಾ? ನಮ್ಮೂರುಗಳಲ್ಲಿ ನೀರು ದಿನವಿಡೀ ಬರಲ್ಲ. ನೀರು ನಿಂತಾಗ ಪೈಪಿನೊಳಗೆ ಒತ್ತಡ ಇರಲ್ಲ. ಜಾಯಿಂಟ್ ಸಡಿಲವಿದ್ದು, ಪಕ್ಕದಲ್ಲೇ ಕೊಳಚೆ ಲೈನ್ ಸೋರುತ್ತಿದ್ದರೆ, ಆ ಹೊಲಸು ಒಳಗೆ ನುಗ್ಗುತ್ತೆ. ಮತ್ತೆ ನೀರು ಬಿಟ್ಟಾಗ ಅದು ನೇರ ನಿಮ್ಮ ಲೋಟಕ್ಕೆ. ವಾಂತಿ, ಭೇದಿ, ಕಾಲರಾ, ಕಾಮಾಲೆ ಹೀಗೇ ಮನೆಯೊಳಗೆ ಬರೋದು. ಡಾಕ್ಟರ ಹತ್ರ ಹೋಗೋ ಮುಂಚೆ ಪ್ಲಂಬರ್ ಕೈಯಲ್ಲಿದೆ ನಮ್ಮ ಆರೋಗ್ಯ.

ಲೈಸೆನ್ಸ್ ಅಂದ್ರೆ ಗೋಡೆಗೆ ನೇತುಹಾಕೋ ಫೋಟೋ ಅಲ್ಲ. ತಪ್ಪಾದರೆ ಉತ್ತರ ಹೇಳೋ ಹೆಸರು. ಸಹಿ ಒಬ್ಬರದು, ಕೆಲಸ ಇನ್ನೊಬ್ಬರದು ಆದ್ರೆ ಆ ಹೆಸರಿಗೆ ಬೆಲೆಯೇ ಇಲ್ಲ.

ಅದಕ್ಕೇ ಎರಡು ಮಾತು. ಮನೆ ಕಟ್ಟಿಸುತ್ತಿದ್ದರೆ, ಸಹಿ ಹಾಕಿದವರು ಪೈಪ್ ಮುಚ್ಚೋ ಮೊದಲು ಸ್ಥಳಕ್ಕೆ ಬಂದು ನೋಡಲಿ, ಪಟ್ಟು ಹಿಡಿಯಿರಿ. ನಿಮ್ಮ ಮನೆಗೆ ಬರೋ ಪ್ಲಂಬರಣ್ಣನಿಗೆ ಆರ್‌ಪಿಎಲ್ ಬಗ್ಗೆ ಹೇಳಿ. ನಾನೂ ಹೇಳಿದೆ. ಅವರು ಈ ಸಲ ನಗಲಿಲ್ಲ. "ಎಲ್ಲಿ ಸರ್ ಅರ್ಜಿ ಹಾಕೋದು?" ಅಂದ್ರು.