ಜಾಲತಾಣ ವಿನ್ಯಾಸವೂ ವಿದ್ಯಾಭ್ಯಾಸವೂ

ಮುಧೋಳ ಸೀಮೆಯ ತಿಮ್ಮಾಪುರದಂತಹ ಊರಿನಲ್ಲಿ, ಹತ್ತನೆಯ ತರಗತಿಯನ್ನು ಮುಗಿಸಿದ ಮಗನು ‘ಕಾಲೇಜು ಬೇಡ, ವೆಬ್ ಡಿಸೈನ್ ಕಲಿಯುತ್ತೇನೆ’ ಎಂದನೆನ್ನೋಣ. ತಂದೆಗೆ ತಟ್ಟನೆ ಉತ್ತರ ತೋಚದು. ಪದವಿಗೆ ಮೂರು ನಾಲ್ಕು ವರ್ಷಗಳು ಬೇಕು; ಕಬ್ಬಿನ ಒಂದು ಸುಗ್ಗಿಯ ಹಣ ಅದಕ್ಕೆ ಸಾಲದು. ಮಗನಾದರೋ ಕೈಯಲ್ಲಿರುವ ಮೊಬೈಲಿನಿಂದಲೇ ಆರು ತಿಂಗಳಲ್ಲಿ ಆ ವಿದ್ಯೆ ಬರುವುದೆನ್ನುತ್ತಾನೆ. ಇಬ್ಬರ ಮಾತಿನಲ್ಲಿಯೂ ಸತ್ಯಾಂಶವಿರುವುದರಿಂದ ವಿಷಯವನ್ನು ವಿವೇಚಿಸಿ ನೋಡಬೇಕಾಗಿದೆ.

ಜಾಲತಾಣ ವಿನ್ಯಾಸವೆಂಬ ಕೆಲಸಕ್ಕೆ ಮುಖ್ಯವಾಗಿ ಮೂರು ಸಾಧನಗಳು. ಪುಟದ ಒಡಲನ್ನು ಕಟ್ಟುವುದು ಎಚ್‌ಟಿಎಂಎಲ್. ಅದಕ್ಕೆ ಬಣ್ಣ, ಅಳತೆ, ಅಂತರಗಳನ್ನು ಕೊಡುವುದು ಸಿಎಸ್‌ಎಸ್. ಚಲನೆಯನ್ನು ತರುವುದು ಜಾವಾಸ್ಕ್ರಿಪ್ಟ್. ಇವುಗಳ ಪಾಠಗಳು ಅಂತರ್ಜಾಲದಲ್ಲಿ ಉಚಿತವಾಗಿಯೇ ದೊರೆಯುತ್ತವೆ. ಶ್ರದ್ಧೆಯುಳ್ಳ ಬಾಲಕನು ಕೆಲವೇ ತಿಂಗಳುಗಳಲ್ಲಿ ಸರಳವಾದ ಪುಟವೊಂದನ್ನು ರಚಿಸಬಲ್ಲನು. ಈ ಮಟ್ಟಿಗೆ ಮಗನ ವಾದವೇ ಸರಿ.

ಈ ಕ್ಷೇತ್ರದ ಮೊದಲಿಗರೂ ಇದರಲ್ಲಿ ಪದವಿ ಪಡೆದವರಲ್ಲ. 1989ರಲ್ಲಿ ಜಿನೀವಾ ಬಳಿಯ ಸೆರ್ನ್ ಸಂಸ್ಥೆಯಲ್ಲಿ ಜಾಲದ ಕಲ್ಪನೆಯನ್ನು ಮುಂದಿಟ್ಟ ಟಿಮ್ ಬರ್ನರ್ಸ್-ಲೀ ಅವರು ಆಕ್ಸ್‌ಫರ್ಡಿನಲ್ಲಿ ಓದಿದ್ದು ಭೌತಶಾಸ್ತ್ರವನ್ನು. 1996ರಲ್ಲಿ ಕನ್ನಡದ ಮೊದಲ ಜಾಲತಾಣವಾದ ‘ವಿಶ್ವಕನ್ನಡ’ವನ್ನು ಆರಂಭಿಸಿದ ಡಾ. ಯು. ಬಿ. ಪವನಜ ಅವರು ಮುಂಬಯಿಯ ಭಾಭಾ ಪರಮಾಣು ಸಂಶೋಧನ ಕೇಂದ್ರದ ವಿಜ್ಞಾನಿಗಳಾಗಿದ್ದವರು. ಅವರ ಶಾಸ್ತ್ರ ರಸಾಯನಶಾಸ್ತ್ರ. ಆದರೆ ಇವರಲ್ಲಿ ಯಾರೂ ಓದನ್ನು ಅರ್ಧಕ್ಕೆ ತೊರೆದು ಹೊರಟವರಲ್ಲವೆಂಬುದನ್ನು ಮರೆಯಲಾಗದು. ಒಂದು ಶಾಸ್ತ್ರದಲ್ಲಿ ಪಳಗಿದ ಬುದ್ಧಿಯು ಮತ್ತೊಂದನ್ನು ತಾನಾಗಿಯೇ ಕಲಿತುಕೊಂಡಿತು. ಪದವಿಯ ಹೆಸರಿಗಿಂತ ಅದರ ಹಿಂದಿನ ಸಂಸ್ಕಾರವೇ ಮುಖ್ಯವೆಂಬುದು ಇದರಿಂದ ವಿದಿತವಾಗುತ್ತದೆ.

ಆ ಸಂಸ್ಕಾರವು ಕೆಲಸದಲ್ಲಿ ಹೇಗೆ ಒದಗುತ್ತದೆಂಬುದಕ್ಕೆ ಕನ್ನಡ ಲಿಪಿಯೇ ನಿದರ್ಶನ. 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. ಆದರೂ ಇಂಗ್ಲಿಷ್ ಅಕ್ಷರಗಳ ಅಳತೆಗೆ ಸಿದ್ಧಪಡಿಸಿದ ಪುಟದಲ್ಲಿ ಕನ್ನಡವನ್ನು ಹಾಗೆಯೇ ಸುರಿದರೆ ‘ಸ್ತ್ರೀ’, ‘ರಾಷ್ಟ್ರ’ ಮುಂತಾದ ಪದಗಳ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ, ಕೆಲವೊಮ್ಮೆ ಕತ್ತರಿಸಿಯೂ ಹೋಗುತ್ತವೆ. ಸಾಲುಗಳ ಅಂತರವನ್ನು ಹಿಗ್ಗಿಸಬೇಕೆಂಬ ಅರಿವು ತನ್ನ ನುಡಿಯನ್ನು ಓದಿ ಬರೆದು ಬಲ್ಲವನಿಗೆ ಬೇಗ ಬರುತ್ತದೆ. ಅಂತೆಯೇ ಕಣ್ಣು ಮಂದವಾದವರೂ ಓದುವಂತಿರಬೇಕಾದರೆ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಬೆಳಕಿನ ಅಂತರವು ಕನಿಷ್ಠ 4.5ಕ್ಕೆ 1ರ ಪ್ರಮಾಣದಲ್ಲಿರಬೇಕೆಂದು 2008ರ ಅಂತರರಾಷ್ಟ್ರೀಯ ಸೂತ್ರಗಳು ವಿಧಿಸಿವೆ. ಇದನ್ನು ಗ್ರಹಿಸಲು ಪ್ರಮಾಣವೆಂದರೇನೆಂಬ ಗಣಿತ ಬೇಕು. ಓದುಗನ ಕಷ್ಟವನ್ನು ನೆನೆಯುವ ಮನಸ್ಸೂ ಬೇಕು.

ಪದವಿಯ ಲೌಕಿಕ ಪ್ರಯೋಜನವನ್ನೂ ಅಲ್ಲಗಳೆಯುವಂತಿಲ್ಲ. ಸ್ವತಂತ್ರವಾಗಿ ಕೆಲಸ ಹಿಡಿಯುವವನನ್ನು ಗಿರಾಕಿಯು ಕೇಳುವುದು ಮಾಡಿದ ಕೆಲಸದ ಮಾದರಿಯನ್ನು, ಅಂಕಪಟ್ಟಿಯನ್ನಲ್ಲ. ಆದರೆ ಅನೇಕ ದೊಡ್ಡ ಕಂಪನಿಗಳ ಹಾಗೂ ಸರ್ಕಾರಿ ಹುದ್ದೆಗಳ ಬಾಗಿಲನ್ನು ತೆರೆಯುವುದು ಪದವಿಯೇ. ಅದೂ ಅಲ್ಲದೆ, ಸರಳವಾದ ಪುಟಗಳನ್ನು ಇಂದು ಕೃತಕ ಬುದ್ಧಿಮತ್ತೆಯ ಯಂತ್ರಗಳೇ ಕ್ಷಣಮಾತ್ರದಲ್ಲಿ ಕಟ್ಟಿಕೊಡುತ್ತವೆ. ಆರು ತಿಂಗಳ ಕೈಚಳಕವನ್ನಷ್ಟೇ ನಂಬಿದವನಿಗೆ ಇದು ಭೀತಿ. ಸರಿ ತಪ್ಪುಗಳನ್ನು ತೂಗಿ ನೋಡಬಲ್ಲವನಿಗೆ ಇದೇ ಉಪಕರಣ.

ಇದೇ ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನು ವಿದ್ಯೆಯ ಹಂಬಲದಿಂದ ಊರು ಬಿಟ್ಟು ಅಜಿತಸೇನಾಚಾರ್ಯರಲ್ಲಿ ಶಿಷ್ಯನಾದನು. 993ರಲ್ಲಿ ‘ಅಜಿತಪುರಾಣ’ವನ್ನು ಪೂರೈಸಿ ಕವಿಚಕ್ರವರ್ತಿಯೆನಿಸಿದನು. ಅವನ ಪ್ರತಿಭೆ ಹುಟ್ಟಿನಿಂದ ಬಂದುದೇ ಆಗಿರಬಹುದು. ಆದರೆ ಅದನ್ನು ತಿದ್ದುವ ಗುರುವನ್ನು ಅವನು ಅರಸಿಕೊಂಡು ಹೋಗಬೇಕಾಯಿತು. ಮೊಬೈಲು ಪಾಠವನ್ನು ಹೇಳೀತು. ಆದರೆ ಶಿಷ್ಯನ ಆಲಸ್ಯವನ್ನೂ ಆತುರವನ್ನೂ ಕಂಡು ಗದರಿಸುವ ಗುರುವಿನ ಸ್ಥಾನ ಅದಕ್ಕೆ ಸಲ್ಲದು.

ಆದುದರಿಂದ ತಂದೆ ಮಗ ಇಬ್ಬರಿಗೂ ಒಪ್ಪುವ ದಾರಿಯೊಂದಿದೆ. ಕಾಲೇಜು ದೂರವಾದರೆ, ಹತ್ತನೆಯ ತರಗತಿಯ ಬಳಿಕ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷಗಳ ಡಿಪ್ಲೊಮಾ ಉಂಟು; ಅದನ್ನು ಮುಗಿಸಿದವನು ಬಯಸಿದರೆ ಇಂಜಿನಿಯರಿಂಗಿನ ಎರಡನೆಯ ವರ್ಷಕ್ಕೇ ಸೇರಬಹುದು. ಓದುತ್ತಿರುವಾಗಲೇ ಊರಿನ ನೇಕಾರರಿಗೋ ರೈತ ಸಂಘಕ್ಕೋ ಒಂದೊಂದು ಪುಟವನ್ನು ರಚಿಸಿಕೊಟ್ಟು ಕೈಯನ್ನು ಪಳಗಿಸಿಕೊಳ್ಳಬಹುದು. ಹೆಸರಿಗಷ್ಟೇ ಪದವಿ ಕೊಟ್ಟು ಕಲಿಸದ ಕಡೆಗೆ ಸಾಲ ಮಾಡಿ ಸೇರುವುದು ಮಾತ್ರ ಯಾವ ವಿಧದಲ್ಲಿಯೂ ವಿಹಿತವಲ್ಲ.

ಶರಣರು ಕಾಯಕವನ್ನೂ ಅರಿವನ್ನೂ ಬೇರ್ಪಡಿಸಲಿಲ್ಲ. ಕೈಗೆ ಕೆಲಸವನ್ನು ಕಲಿಸುವುದರ ಜೊತೆಗೆ ಅದರ ಕಾರಣವನ್ನೂ ತಿಳಿಸುವ ಶಾಲೆಯೇ ಈ ಕಾಲಕ್ಕೂ ಬೇಕಾದುದು. ಗಣಕಯಂತ್ರಗಳನ್ನು ಕೊಡುವ ದಾನಿಗಳು ಅವುಗಳ ಮುಂದೆ ಮಕ್ಕಳೊಡನೆ ಕುಳಿತು ತಿದ್ದುವ ಒಬ್ಬ ಅಧ್ಯಾಪಕನ ವೇತನಕ್ಕೂ ನೆರವಾದರೆ ಆ ದಾಸೋಹವು ಪೂರ್ಣವಾದೀತು.